ತೆರೆಯ ಹಿಂದಿನ ಆಸನ

(ಸಂಘದ ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



೧೮೪೦ನೆಯ ಇಸವಿಯ ಜೂನ್ ತಿಂಗಳಲ್ಲಿ, ಗುಲಾಮಗಿರಿಯನ್ನು ಜಗತ್ತಿನಿಂದಲೇ ತೊಡೆದುಹಾಕಬೇಕೆಂದು ಲಂಡನ್ನಿನಲ್ಲಿ ಮಹಾಸಮ್ಮೇಳನವೊಂದು ನೆರೆದಿತ್ತು. ಅಮೆರಿಕದಿಂದ ಪ್ರತಿನಿಧಿಗಳಾಗಿ ಸಮುದ್ರ ದಾಟಿ ಬಂದವರಲ್ಲಿ ಕೆಲವರು ಸ್ತ್ರೀಯರೂ ಇದ್ದರು. ಇವರಿಗೆ ಸ್ಥಾನ ಕೊಡಬೇಕೇ ಬೇಡವೇ ಎಂಬ ವಾದದಲ್ಲಿಯೇ ಮೊದಲ ದಿನ ಕಳೆಯಿತು. ಕೊನೆಗೆ, ಅವರು ತೆರೆಯ ಹಿಂದೆ ಕುಳಿತು ಕೇಳಬಹುದು, ಮಾತನಾಡಕೂಡದು ಎಂದು ತೀರ್ಮಾನವಾಯಿತು. ಪರರ ಸಂಕೋಲೆಯನ್ನು ಕಡಿಯಲು ಕೂಡಿದ ಸಭೆಯೇ ತನ್ನವರ ನಾಲಗೆಯನ್ನು ಕಟ್ಟಿತು! ಹಾಗೆ ಕುಳಿತವರಲ್ಲಿ ಒಬ್ಬರಾದ ಲುಕ್ರೀಷಿಯಾ ಮಾಟ್ ಅವರ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಬಯಸುತ್ತೇನೆ.

ಆಕೆ ೧೭೯೩ರಲ್ಲಿ ಅಮೆರಿಕದ ನ್ಯಾಂಟಕೆಟ್ ದ್ವೀಪದಲ್ಲಿ, ಕ್ವೇಕರ್ ಪಂಥದ ಮನೆತನದಲ್ಲಿ ಜನಿಸಿದರು. ತಾವು ಓದಿದ ಶಾಲೆಯಲ್ಲಿಯೇ ಪಾಠ ಹೇಳತೊಡಗಿದಾಗ, ಶಿಕ್ಷಕಿಯರಿಗೆ ಶಿಕ್ಷಕರಿಗಿಂತ ಬಹಳ ಕಡಿಮೆ ಸಂಬಳವೆಂಬುದನ್ನು ಕಂಡು ನೊಂದರು. ಅಲ್ಲಿಯೇ ಉಪಾಧ್ಯಾಯರಾಗಿದ್ದ ಜೇಮ್ಸ್ ಮಾಟರನ್ನು ೧೮೧೧ರಲ್ಲಿ ವಿವಾಹವಾಗಿ ಫಿಲಡೆಲ್ಫಿಯಾದಲ್ಲಿ ನೆಲೆಸಿದರು. ಗುಲಾಮರ ಬೆವರಿನಿಂದ ಬಂದ ಹತ್ತಿಯಾಗಲಿ ಸಕ್ಕರೆಯಾಗಲಿ ತಮ್ಮ ಮನೆಗೆ ಬೇಡವೆಂದರು. ಹತ್ತಿಯ ವ್ಯಾಪಾರಿಯಾಗಿದ್ದ ಪತಿಯೂ ಅದನ್ನು ಬಿಟ್ಟು ಉಣ್ಣೆಯ ವ್ಯಾಪಾರಕ್ಕೆ ತಿರುಗಿದರು. ಸಭೆಯಲ್ಲಿ ಆಡುವ ಮಾತನ್ನು ಮೊದಲು ಅಡಿಗೆಮನೆಯಲ್ಲಿ ನಡೆಸಿದ ದಂಪತಿಗಳು ಅವರು. ೧೮೩೩ರಲ್ಲಿ ಆಕೆ ಇತರರೊಡಗೂಡಿ ಸ್ಥಾಪಿಸಿದ ಸ್ತ್ರೀಯರ ಗುಲಾಮಗಿರಿ ವಿರೋಧಿ ಸಂಘದಲ್ಲಿ ಬಿಳಿಯರೂ ಕರಿಯರೂ ಒಟ್ಟಿಗೆ ಸದಸ್ಯೆಯರಾಗಿದ್ದರು. ೧೮೩೮ರಲ್ಲಿ ಆ ಚಳವಳಿಯ ಹೊಸ ಸಭಾಭವನವನ್ನು ದೊಂಬಿಯ ಜನ ಸುಟ್ಟು ಬೂದಿಮಾಡಿದರೂ ಆಕೆ ಹಿಂಜರಿಯಲಿಲ್ಲ.

ಲಂಡನ್ನಿನ ಅವಮಾನವೂ ವ್ಯರ್ಥವಾಗಲಿಲ್ಲ. ಅಲ್ಲಿ ಪರಿಚಯವಾದ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಎಂಬ ತರುಣಿಯೂ ಲುಕ್ರೀಷಿಯಾರೂ ಇತರ ಗೆಳತಿಯರೊಡನೆ ಸೇರಿ, ೧೮೪೮ರ ಜುಲೈ ೧೯ ಮತ್ತು ೨೦ರಂದು ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಸ್ತ್ರೀಯರ ಹಕ್ಕುಗಳ ಸಮ್ಮೇಳನವನ್ನು ಕೂಡಿಸಿದರು. ಅದರ ಘೋಷಣಾಪತ್ರಕ್ಕೆ ೬೮ ಸ್ತ್ರೀಯರೂ ೩೨ ಪುರುಷರೂ ಸಹಿ ಹಾಕಿದರು.

೧೮೬೫ರಲ್ಲಿ ಅಮೆರಿಕದ ಗುಲಾಮಗಿರಿ ರದ್ದಾದುದನ್ನು ಆಕೆ ಕಣ್ಣಾರೆ ಕಂಡರು. ಸ್ತ್ರೀಯರಿಗೆ ಮತಾಧಿಕಾರ ಬಂದುದನ್ನು ಮಾತ್ರ ಕಾಣಲಿಲ್ಲ. ಆಕೆ ೧೮೮೦ರಲ್ಲಿ ತೀರಿಕೊಂಡರು. ಹೆಣ್ಣೆಂಬ ಕಾರಣದಿಂದ ಮತವನ್ನು ನಿರಾಕರಿಸಕೂಡದೆಂಬ ಸಂವಿಧಾನದ ತಿದ್ದುಪಡಿ ಬಂದುದು ೧೯೨೦ರಲ್ಲಿ. ಸಹಿ ಹಾಕಿದ ಸ್ತ್ರೀಯರಲ್ಲಿ ಅಂದು ಬದುಕಿದ್ದವರು ಷಾರ್ಲಟ್ ವುಡ್‌ವರ್ಡ್ ಒಬ್ಬರೇ. ಅವರಿಗೂ ಅನಾರೋಗ್ಯದಿಂದಾಗಿ ಮತ ಹಾಕಲಾಗಲಿಲ್ಲ. ಗಿಡ ನೆಟ್ಟವರಿಗೆ ಹಣ್ಣು ದೊರೆಯಲಿಲ್ಲ, ಆದರೂ ನೆಟ್ಟರು.

ಸೋದರ ಸೋದರಿಯರೇ, ನುಡಿಯ ಹಕ್ಕಿಗಾಗಿ ದನಿಯೆತ್ತುವ ಸಂಘ ನಮ್ಮದು. ನ್ಯಾಯವನ್ನು ಬೇಡುವ ನಮ್ಮ ಮನೆಗಳಲ್ಲಿ, ನಮ್ಮ ಸಭೆಗಳಲ್ಲಿ, ತೆರೆಯ ಹಿಂದೆ ಇನ್ನೂ ಯಾರು ಕುಳಿತಿದ್ದಾರೆ? ಅದನ್ನು ನೋಡಿಕೊಂಡು ಆ ತೆರೆಯನ್ನು ಸರಿಸಿದರೆ, ಈ ಹಿರಿಯ ಜೀವಕ್ಕೆ ನಾವು ಸಲ್ಲಿಸುವ ಗೌರವ ಸಾರ್ಥಕವಾದೀತು.