ಮಾಸಾಶನವೆಂಬ ಮಾತು

ಮಾಸಾಶನ ಎಂಬುದು ಸೊಗಸಾದ ಮಾತು. ಮಾಸದ ಅಶನ, ಎಂದರೆ ಒಂದು ತಿಂಗಳ ಊಟ. ಪಿಂಚಣಿ ಎಂದಾಗ ನಮಗೆ ಹಣದ ಸಂದಾಯ ಮಾತ್ರ ನೆನಪಾಗುತ್ತದೆ. ಮಾಸಾಶನ ಎಂದಾಗ ಉಣ್ಣುವ ಬಾಯಿಯೂ ಕಾಣಿಸುತ್ತದೆ. ದುಡಿಯಲಾರದ ದೇಹವುಳ್ಳವರಿಗೆ ಸರ್ಕಾರ ಕೊಡುವ ಹಣಕ್ಕೆ ನಮ್ಮ ಜನ ಈ ಮಾತನ್ನು ಬಳಸುತ್ತ ಬಂದಿದ್ದಾರೆ. ಮಾತು ಇಷ್ಟು ದೊಡ್ಡದಾಗಿರುವಾಗ ಮೊತ್ತ ಎಷ್ಟೆಂದು ಕೇಳುವುದು ಅನುಚಿತವಾಗಲಾರದು.

ಕೇಂದ್ರ ಸರ್ಕಾರವು ಬಡತನದ ರೇಖೆಯ ಕೆಳಗಿರುವ, ತೀವ್ರ ವೈಕಲ್ಯವುಳ್ಳ ವಯಸ್ಕರಿಗಾಗಿ ಇಂದಿರಾ ಗಾಂಧಿಯವರ ಹೆಸರಿನ ಪಿಂಚಣಿ ಯೋಜನೆಯೊಂದನ್ನು 2009ರಲ್ಲಿ ಆರಂಭಿಸಿತು. ಆಗ ತಿಂಗಳಿಗೆ 200 ರೂಪಾಯಿ. 2012ರಲ್ಲಿ ಅದು 300 ಆಯಿತು. ಎಂಬತ್ತು ವರ್ಷ ತುಂಬದವರಿಗೆ 2025ರಲ್ಲಿಯೂ ಅದು 300 ಆಗಿಯೇ ಇತ್ತು. ದಿನಕ್ಕೆ ಹತ್ತು ರೂಪಾಯಿಯ ಅಶನ! ಸರ್ಕಾರವೇ ಪ್ರಕಟಿಸುವ ಬೆಲೆ ಸೂಚ್ಯಂಕ, 2012ನ್ನು ನೂರೆಂದು ಹಿಡಿದರೆ, 2024ರ ಕೊನೆಯ ವೇಳೆಗೆ 190ನ್ನು ದಾಟಿತ್ತು. ಎಂದರೆ ಇಂದಿನ 300 ರೂಪಾಯಿಗೆ ಸಿಕ್ಕುವ ಪದಾರ್ಥ, 2009ರಲ್ಲಿ 200 ರೂಪಾಯಿಗೆ ಸಿಕ್ಕುತ್ತಿದ್ದುದಕ್ಕಿಂತ ಕಡಿಮೆ. ಏರಿಸಿದ ನೂರನ್ನೂ ಕಾಲ ನುಂಗಿತು, ಮೂಲದ ಇನ್ನೂರಕ್ಕೂ ಬಾಯಿ ಹಾಕಿತು.

ನನಗೆ ಕೋಪ ಬರುವುದು ಇಲ್ಲಿಯೇ. ಇದು ಕಡಿತ; ಆದರೆ ಕಡಿತದ ಆದೇಶವೆಲ್ಲಿದೆ? ಯಾವ ಮಂತ್ರಿಯೂ ಸಹಿ ಹಾಕಲಿಲ್ಲ, ಯಾವ ಸದನದಲ್ಲಿಯೂ ಮತ ಬೀಳಲಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕಾಯಿತು.

ಬ್ರಿಟನ್ನಿನಲ್ಲಿ 2025ರಲ್ಲಿ ನಡೆದುದನ್ನು ಇದರೊಡನೆ ಹೋಲಿಸಿ ನೋಡಬೇಕು. ಅಡುಗೆ ಮಾಡುವುದು, ಮೈ ತೊಳೆಯುವುದು, ಬಟ್ಟೆ ಉಡುವುದು ಇವಕ್ಕೆಲ್ಲ ಅಂಕ ಕೊಟ್ಟು ಅಶಕ್ತರಿಗೆ ಭತ್ಯೆ ನಿರ್ಧರಿಸುವ ಪದ್ಧತಿ ಅಲ್ಲಿಯದು. ಆ ಅಂಕಗಳ ನಿಯಮವನ್ನು ಬಿಗಿಗೊಳಿಸಿ ಹಣ ಉಳಿಸಲು ಸರ್ಕಾರ ಹೊರಟಿತು. ಆಳುವ ಪಕ್ಷದ ನೂರಕ್ಕೂ ಹೆಚ್ಚು ಸದಸ್ಯರೇ ಎದುರು ನಿಂತರು. ಜುಲೈ 1ರಂದು, ಮತದಾನಕ್ಕೆ ಸ್ವಲ್ಪ ಮೊದಲು, ಆ ನಿಯಮವನ್ನು ಮಸೂದೆಯಿಂದ ಕೈಬಿಡಲಾಯಿತು. ಗೆಲುವು ಪೂರ್ಣವಾಗಿರಲಿಲ್ಲ: ಹೊಸದಾಗಿ ಅರ್ಜಿ ಹಾಕುವ ರೋಗಿಗಳಲ್ಲಿ ಹೆಚ್ಚಿನವರಿಗೆ ಸಲ್ಲಬೇಕಾದ ಇನ್ನೊಂದು ನೆರವನ್ನು ಸುಮಾರು ಅರ್ಧಕ್ಕೆ ಇಳಿಸುವ ಭಾಗ ಹಾಗೆಯೇ ಅಂಗೀಕಾರವಾಯಿತು. ಆದರೂ ಅಲ್ಲಿನ ಅಶಕ್ತರ ಸಿಟ್ಟಿಗೆ ಒಂದು ದಿನಾಂಕವಿತ್ತು, ಒಂದು ಮಸೂದೆಯಿತ್ತು, ಹೆಸರು ಹಿಡಿದು ಕೇಳಬಹುದಾದ ಮಂತ್ರಿಯಿದ್ದರು. ನಮ್ಮ ಹಳ್ಳಿಯ ಕುರುಡನಿಗೆ ಇವು ಯಾವುವೂ ಇಲ್ಲ.

ಕುರುಡ ಎಂದೆ, ಮನ್ನಿಸಬೇಕು. ಇಲಾಖೆಯ ಕನ್ನಡದಲ್ಲಿ ಈಗ ವಿಕಲಚೇತನ ಎನ್ನಬೇಕು. ಮೊದಲು ಅಂಗವಿಕಲ ಎಂದಿತ್ತು. ಅಂಗ ವಿಕಲವಾದರೂ ಚೇತನ ಕುಂದದ ಮನುಷ್ಯನಿಗೆ, ನಿನ್ನ ಚೇತನವೇ ವಿಕಲವೆಂದು ಹೇಳುವ ಈ ಸಮಾಸವನ್ನು ಯಾವ ಪಂಡಿತರು ಕಟ್ಟಿದರೋ! ಈಚೆಗೆ ದೆಹಲಿಯಿಂದ ದಿವ್ಯಾಂಗ ಎಂಬ ಮಾತೂ ಬಂದಿದೆ. ಹೆಸರು ಅಂಗದಿಂದ ಚೇತನಕ್ಕೂ ಚೇತನದಿಂದ ದಿವ್ಯಕ್ಕೂ ಏರಿತು. ದೆಹಲಿಯ ಮುನ್ನೂರು ಕದಲಲಿಲ್ಲ.

ಕಾನೂನು ಇಲ್ಲವೆಂದಲ್ಲ. ಸಂವಿಧಾನದ 41ನೆಯ ವಿಧಿ ರೋಗ, ಮುಪ್ಪು, ವೈಕಲ್ಯಗಳಲ್ಲಿ ಸಾರ್ವಜನಿಕ ನೆರವನ್ನು ಹೇಳುತ್ತದೆ. 2016ರ ಕಾಯಿದೆ ವೈಕಲ್ಯಗಳ ಸಂಖ್ಯೆಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿ ಥಲಸ್ಸೀಮಿಯ, ಹೀಮೊಫಿಲಿಯ, ಪಾರ್ಕಿನ್ಸನ್ ಮುಂತಾದ ಕಾಯಿಲೆಗಳನ್ನೂ ಒಳಗೆ ತಂದಿತು. ಶೇಕಡ 40ರಷ್ಟು ವೈಕಲ್ಯವಿದ್ದರೆ ಆ ಕಾಯಿದೆಯ ಮುಖ್ಯ ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ಕೇಂದ್ರದ ಮಾಸಾಶನಕ್ಕೆ ಮಾತ್ರ ಶೇಕಡ 80 ಬೇಕು. ಕೆಲವು ವಾರಗಳಿಗೊಮ್ಮೆ ಪರರ ರಕ್ತ ಪಡೆದು ಬದುಕುವ ಥಲಸ್ಸೀಮಿಯ ರೋಗಿ, ರಕ್ತ ಪಡೆದ ವಾರ ನಡೆದಾಡುತ್ತಾನೆ, ಮುಂದಿನ ಸರದಿ ಹತ್ತಿರವಾದಂತೆ ಹಾಸಿಗೆ ಹಿಡಿಯುತ್ತಾನೆ. ಅವನ ಶೇಕಡವನ್ನು ಯಾವ ವಾರದಲ್ಲಿ ಅಳೆಯಬೇಕು? 2011ರ ಜನಗಣತಿ ಎಣಿಸಿದ ಅಂಗವಿಕಲರು 2 ಕೋಟಿ 68 ಲಕ್ಷ. ಕೇಂದ್ರದ ಈ ಹಣ ತಲಪುವುದು ಹತ್ತು ಲಕ್ಷದ ಆಸುಪಾಸಿನ ಜನಕ್ಕೆ.

ಅದೇ ಕಾಯಿದೆಯ 24ನೆಯ ಪ್ರಕರಣದ ಒಂದು ಮಾತು ಸ್ವಾರಸ್ಯವಾಗಿದೆ. ಇತರರಿಗೆ ಇರುವಂಥದೇ ಯೋಜನೆಯಲ್ಲಿ ಅಂಗವಿಕಲರಿಗೆ ಕೊಡುವ ನೆರವು ಕನಿಷ್ಠ ಶೇಕಡ 25ರಷ್ಟು ಹೆಚ್ಚಿರಬೇಕಂತೆ. ವೃದ್ಧರಿಗೆ ಕೇಂದ್ರ ಕೊಡುವುದು, ಎಂಬತ್ತು ತುಂಬುವ ತನಕ, 200 ರೂಪಾಯಿ. ಅದಕ್ಕೆ ಕಾಲುಭಾಗ ಸೇರಿಸಿದರೆ 250. ಮುನ್ನೂರು ಕೊಡುವ ಸರ್ಕಾರ ಕಾನೂನನ್ನು ಮೀರಿ ಉದಾರಿ ಎಂದಾಯಿತಲ್ಲವೆ!

ಬೊಕ್ಕಸದ ಮಾತು ಬರುತ್ತದೆ. ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತು ಸಂವಿಧಾನದಲ್ಲಿಯೂ ಉಂಟು, ಕಾಯಿದೆಯಲ್ಲಿಯೂ ಉಂಟು. ಹತ್ತು ಲಕ್ಷ ಜನರ 300 ರೂಪಾಯಿಯನ್ನು 600 ಮಾಡಿದರೆ ವರ್ಷಕ್ಕೆ ಬೀಳುವ ಹೆಚ್ಚಿನ ಹೊರೆ 360 ಕೋಟಿ. ಇನ್ನು ಬೆಲೆ ಏರಿದಂತೆ ಮೊತ್ತ ಏರಿಸುವ ವಿದ್ಯೆ ನಮ್ಮ ಆಡಳಿತಕ್ಕೆ ತಿಳಿಯದೆ? ನನ್ನಂಥ ನಿವೃತ್ತರ ತುಟ್ಟಿಭತ್ಯೆಯ ಲೆಕ್ಕ ಜನವರಿಯಿಂದೊಮ್ಮೆ, ಜುಲೈಯಿಂದೊಮ್ಮೆ, ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಲೋಕಸಭೆ, ರಾಜ್ಯಸಭೆಗಳ ಸದಸ್ಯರ ವೇತನವನ್ನು ಬೆಲೆಯೇರಿಕೆಗೆ ಅನುಗುಣವಾಗಿ ಐದು ವರ್ಷಕ್ಕೊಮ್ಮೆ ಹೆಚ್ಚಿಸಬೇಕೆಂದು 2018ರಲ್ಲಿಯೇ ಕಾನೂನಾಯಿತು. ಅದರಂತೆ 2025ರ ಮಾರ್ಚಿಯಲ್ಲಿ ಒಂದು ಲಕ್ಷವಿದ್ದುದು 1,24,000 ಆಯಿತು, ಅದೂ 2023ರಿಂದ ಪೂರ್ವಾನ್ವಯವಾಗಿ. ಇದನ್ನು ನಾನು ಆಕ್ಷೇಪಿಸುತ್ತಿಲ್ಲ. ಆ ಸೂತ್ರದ ಒಂದೇ ಒಂದು ಸಾಲನ್ನು ಕುಂಟರ, ಕುರುಡರ, ಹಾಸಿಗೆ ಹಿಡಿದವರ ಪುಟದಲ್ಲಿಯೂ ಬರೆಯಲು ಕೈ ಏಕೆ ಬರಲಿಲ್ಲ ಎಂದು ಕೇಳುತ್ತಿದ್ದೇನೆ. ವೃದ್ಧರು, ವಿಧವೆಯರು, ಅಂಗವಿಕಲರು ಇವರೆಲ್ಲರನ್ನೂ ಒಳಗೊಂಡ ಸಾಮಾಜಿಕ ನೆರವಿನ ಕಾರ್ಯಕ್ರಮಕ್ಕೆ 2024-25ರ ಮುಂಗಡಪತ್ರದಲ್ಲಿ ತೆಗೆದಿಟ್ಟ ಹಣ 9,652 ಕೋಟಿ; 2025-26ರಲ್ಲಿಯೂ 9,652 ಕೋಟಿ.

ರಾಜ್ಯಗಳು ತಮ್ಮ ಪಾಲು ಸೇರಿಸಿ ಕೊಡುತ್ತವೆ. ಕರ್ನಾಟಕವೂ ಕೊಡುತ್ತದೆ, ಶೇಕಡ 80ಕ್ಕಿಂತ ಕಡಿಮೆ ವೈಕಲ್ಯವುಳ್ಳವರಿಗೂ ಕೊಡುತ್ತದೆ. ನೆರೆಯ ಆಂಧ್ರಪ್ರದೇಶದಲ್ಲಿ 2024ರ ಜುಲೈಯಿಂದ ಅಂಗವಿಕಲರ ಪಿಂಚಣಿ ತಿಂಗಳಿಗೆ 6,000 ರೂಪಾಯಿಯಾಯಿತು. ಅಷ್ಟನ್ನು ಪಡೆಯುವವನ ಕೈಯಲ್ಲಿಯೂ ದೆಹಲಿಯ ಪಾಲು, ಅವನು ಬಡವನೆಂದೂ ಅವನ ವೈಕಲ್ಯ ಶೇಕಡ 80 ಎಂದೂ ಸಿದ್ಧವಾದ ಮೇಲೆ, ಅದೇ 300 ರೂಪಾಯಿ.