ಮೊದಲ ದಿರ್‌ಹಮ್ ಮನೆಯ ಊಟಕ್ಕೆ

(ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಯುವಕರಿಗೆ ಸ್ವಂತ ಉದ್ಯಮ ಕಟ್ಟುವ ಧೈರ್ಯವಿಲ್ಲ ಎಂಬ ದೂರು ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಾನಿದನ್ನು ಒಪ್ಪುವುದಿಲ್ಲ. 2006ರ ಸಾಚಾರ್ ಸಮಿತಿಯ ವರದಿಯಂತೆ ದುಡಿಯುವ ಮುಸ್ಲಿಮರಲ್ಲಿ ಶೇ. 61ರಷ್ಟು ಮಂದಿ ಸ್ವಯಂ ಉದ್ಯೋಗಿಗಳು. ತಳ್ಳುಗಾಡಿ, ಗ್ಯಾರೇಜು, ಹೊಲಿಗೆ ಯಂತ್ರಗಳನ್ನೇ ನಂಬಿ ಸಂಬಳವಿಲ್ಲದೆ ಬದುಕುವವರನ್ನು ಹೇಡಿಗಳೆನ್ನಲಾದೀತೇ? ಅವರಲ್ಲಿ ಇಲ್ಲದಿರುವುದು ಧೈರ್ಯವಲ್ಲ, ನಾಲ್ಕು ತಿಂಗಳ ನಷ್ಟವನ್ನು ತಾಳಿಕೊಳ್ಳುವ ಶಕ್ತಿ.

ನಮ್ಮ ಜಿಲ್ಲೆಯ ಇಳಕಲ್ಲನ್ನೇ ನೋಡಿ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಆ ಕಸಬನ್ನು ಜಗತ್ತೇ ಮೆಚ್ಚಿದೆ. ಆದರೆ ಕೂಲಿಗೆ ನೇಯುವವನಿಗೆ ನೂಲೂ ಸ್ವಂತದ್ದಲ್ಲ, ಸೀರೆಯೂ ಸ್ವಂತದ್ದಲ್ಲ. ತಾನೇ ನೂಲು ಕೊಂಡು ನೇಯಬಾರದೇ ಎಂದು ನಾವು ಸುಲಭವಾಗಿ ಕೇಳಿಬಿಡುತ್ತೇವೆ. ನೂಲಿನ ಹಣವನ್ನು ಹೇಗೋ ಹೊಂದಿಸಿಯಾನು. ಸೀರೆ ಮಾರಾಟವಾಗಿ ಹಣ ಕೈಸೇರುವ ತನಕ ವಾರದ ಸಂತೆ ಮಾಡುವುದು ಯಾವುದರಿಂದ? ಈ ನಡುವೆ ಮಗು ಕಾಯಿಲೆ ಬಿದ್ದರೆ ಮತ್ತೆ ಮಾಲೀಕನ ಮುಂಗಡ, ಮತ್ತೆ ಅದೇ ಕೂಲಿ.

ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆ ಒಳ್ಳೆಯದೇ. ಸಾಲದ ಅರ್ಧವನ್ನು ಅವಧಿಯೊಳಗೆ ತೀರಿಸಿದವನಿಗೆ ಉಳಿದರ್ಧ ಸಹಾಯಧನ. ಆದರೆ ಆಸ್ಪತ್ರೆಯ ಖರ್ಚಿನಿಂದ ಕಂತು ತಪ್ಪಿದವನಿಗೆ ಆ ಅರ್ಧವೂ ಸಾಲವಾಗಿಯೇ ಉಳಿಯುತ್ತದೆ. ಅಂದರೆ ನೆರವು ಯಾರಿಗೆ ಅತ್ಯಗತ್ಯವೋ ಅವನ ಕೈಯಿಂದಲೇ ಅದು ಜಾರುತ್ತದೆ.

2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಮಾಸಿಕ 2,000 ರೂಪಾಯಿಗಳನ್ನು ಬಿಟ್ಟಿ ಎಂದು ಜರೆಯುವವರಿದ್ದಾರೆ. (ಜರೆಯುವವರ ಮನೆಯಲ್ಲಿ ಸಾಮಾನ್ಯವಾಗಿ ಯಾರಿಗಾದರೂ ಪಿಂಚಣಿ ಬರುತ್ತಿರುತ್ತದೆ!) ಮನೆಯ ರೇಷನ್ನಿಗೆ ಆಧಾರವಿದ್ದಾಗಲೇ ಮಹಿಳೆ ತನ್ನ ಹೊಲಿಗೆಯ ಗಳಿಕೆಯನ್ನು ಬಟ್ಟೆ ಖರೀದಿಗೆ ತೊಡಗಿಸಬಲ್ಲಳು. ಸರಕಾರದ ಮೇಲೆ ನನಗಿರುವ ಆಕ್ಷೇಪ ಬೇರೆ. ಕಂತು ಯಾವ ತಿಂಗಳು ಬರುವುದೆಂದು ತಿಳಿಯದಿದ್ದರೆ ಅದನ್ನು ನಂಬಿ ಯಾರೂ ವ್ಯಾಪಾರಕ್ಕಿಳಿಯಲಾರರು.

ನೆರವು ಕೇಳಿ ಬಂದ ಅನ್ಸಾರಿಯ ಪ್ರಸಂಗ ನಿಮಗೆ ತಿಳಿದದ್ದೇ. ಪ್ರವಾದಿವರ್ಯರು(ಸ) ಅವರ ಕಂಬಳಿ ಮತ್ತು ಬಟ್ಟಲನ್ನು ಎರಡು ದಿರ್‌ಹಮ್‌ಗಳಿಗೆ ಹರಾಜು ಹಾಕಿದರು. ನಾವು ಕೊಡಲಿಯ ಕಥೆಯನ್ನಷ್ಟೇ ಹೇಳುತ್ತೇವೆ. ಕೊಡಲಿ ಬಂದದ್ದು ಎರಡನೆಯ ದಿರ್‌ಹಮ್‌ನಿಂದ. ಮೊದಲನೆಯದರಿಂದ ಆಹಾರ ಕೊಂಡು ಮನೆಯವರಿಗೆ ತಲುಪಿಸುವಂತೆ ಪ್ರವಾದಿವರ್ಯರು(ಸ) ಸೂಚಿಸಿದ್ದರು. ಆ ಬಳಿಕ ಕೊಡಲಿಗೆ ತಾವೇ ಹಿಡಿ ಜೋಡಿಸಿ, ಸೌದೆ ಕಡಿದು ಮಾರಲು ಹದಿನೈದು ದಿನಗಳ ಅವಧಿ ಕೊಟ್ಟರು. ಅವರು ಹತ್ತು ದಿರ್‌ಹಮ್ ಗಳಿಸಿ ಮರಳಿದರು.

ಝಕಾತ್ ನಿಧಿಯಿಂದ ಹೊಲಿಗೆ ಯಂತ್ರ ವಿತರಿಸುವ ಜಮಾಅತ್‌ಗಳಲ್ಲಿ ನನ್ನದೊಂದು ವಿನಂತಿ. ಈ ರಮಝಾನಿನಲ್ಲಿ ಯಂತ್ರಗಳ ಸಂಖ್ಯೆ ಅರ್ಧವಾದರೂ ಚಿಂತೆಯಿಲ್ಲ, ಪ್ರತಿ ಯಂತ್ರದೊಂದಿಗೆ ಆರು ತಿಂಗಳ ರೇಷನ್ನನ್ನೂ ಲೆಕ್ಕಕ್ಕೆ ಸೇರಿಸಿ.