ನಾವು ಇಳಿಯದ ಊರು: ಸಾಣಿಕಟ್ಟಾ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಶಾಲೆಗೆ ಐವತ್ತು ತುಂಬಿದೆ. ಸಮಿತಿಯವರು ನನಗೆ ‘ನಮ್ಮ ಪರಿಸರದ ಹಿರಿಮೆ’ ಎಂಬ ವಿಷಯ ಕೊಟ್ಟಿದ್ದಾರೆ. ಕುಮಟಾ ತಾಲ್ಲೂಕಿನವರಿಗೆ ಹಿರಿಮೆ ಹೇಳಿಕೊಳ್ಳಲು ಬರವಿಲ್ಲ. ಗೋಕರ್ಣದ ಮಹಾಬಲೇಶ್ವರ ಇದ್ದಾನೆ, ಮಿರ್ಜಾನಿನ ಕೋಟೆ ಇದೆ, ಯಾಣದ ಕಲ್ಲುಗಳಿವೆ. ಇವುಗಳನ್ನು ಕೊಂಡಾಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಮಾತಾಡಬೇಕೆಂದಿರುವುದು ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿ, ಇಳಿಯದೆ ಮುಂದೆ ಹೋಗುವ ಒಂದು ಊರಿನ ಬಗ್ಗೆ. ಅದು ಸಾಣಿಕಟ್ಟಾ.

ಹೆದ್ದಾರಿ 66ರಲ್ಲಿ ಮಾದನಗೇರಿಯ ಹತ್ತಿರ ಗೋಕರ್ಣದ ಕಡೆ ತಿರುಗಿದರೆ, ಗೋಕರ್ಣ ಮುಟ್ಟುವ ಮೊದಲೇ ಸಾಣಿಕಟ್ಟಾ ಸಿಗುತ್ತದೆ. ಬೇಸಿಗೆಯಲ್ಲಿ ಹೋದರೆ ರಸ್ತೆಯ ಬದಿಯಲ್ಲಿ ಚೌಕ ಚೌಕವಾದ ಉಪ್ಪಿನ ಗದ್ದೆಗಳು, ಬಿಳಿಯ ರಾಶಿಗಳು. ಯಾತ್ರಿಕರು ಕಾರು ನಿಲ್ಲಿಸಿ ಒಂದು ಫೋಟೋ ಹೊಡೆದುಕೊಂಡು ಹೊರಡುತ್ತಾರೆ. ಪಕ್ಕದ ಹನೇಹಳ್ಳಿಗೆ ಯಶವಂತ ಚಿತ್ತಾಲರಿದ್ದರು. ಅವರ ಕಥೆಗಳಿಂದ ಆ ಪುಟ್ಟ ಊರು ಕನ್ನಡ ಓದುವವರಿಗೆಲ್ಲ ಪರಿಚಿತವಾಯಿತು. ಸಾಣಿಕಟ್ಟೆಗೆ ಆ ಅದೃಷ್ಟ ಬರಲಿಲ್ಲ. ಆದರೆ ನಮ್ಮ ಅಜ್ಜಿಯಂದಿರ ಉಪ್ಪಿನಕಾಯಿ ಭರಣಿಯೊಳಗೆ ಆ ಊರು ಇತ್ತು. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಯವರ ಅಪ್ಪೆಮಿಡಿಗೂ ಕರಾವಳಿಯ ಈ ಹರಳುಪ್ಪೇ ಬೇಕಾಗಿತ್ತು.

ಊರಿನ ಹೆಸರಿನ ಕೊನೆಯಲ್ಲಿ ‘ಕಟ್ಟಾ’ ಇದೆ. ನಮ್ಮ ಸುತ್ತಮುತ್ತ ಮಾಣಿಕಟ್ಟಾ ಎಂಬ ಊರೂ ಇದೆ. ಕಟ್ಟ ಎಂದರೆ ನೀರಿಗೆ ಹಾಕಿದ ಒಡ್ಡು. ಈ ಹೆಸರುಗಳನ್ನು ನಾನು ಹಾಗೆಯೇ ಓದಿಕೊಳ್ಳುತ್ತೇನೆ. ನೀರಿಗೆ ಒಡ್ಡು ಹಾಕಿ, ಬಾಗಿಲು ಇಟ್ಟು, ‘ಈಗ ಬಾ, ಈಗ ಹೋಗು’ ಎಂದು ಹೇಳಲು ಕಲಿತ ಜನರ ಊರುಗಳು ಇವು.

ಆ ನೀರು ಅಘನಾಶಿನಿಯದು. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸುಮಾರು 120 ಕಿಲೋಮೀಟರ್ ಹರಿದು, ತದಡಿ ಮತ್ತು ಅಘನಾಶಿನಿ ಎಂಬ ಎರಡು ಊರುಗಳ ನಡುವೆ ಸಮುದ್ರ ಸೇರುತ್ತದೆ. ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳಲ್ಲಿ ದೊಡ್ಡ ಅಣೆಕಟ್ಟೆ ಕಾಣದೆ ಉಳಿದದ್ದು ಅಪರೂಪ, ಅಘನಾಶಿನಿ ಅಂಥದ್ದು. ಹಾಗಾಗಿ ಇದರ ಅಳಿವೆಗೆ ಒಂದು ಕ್ರಮ ಉಳಿದುಕೊಂಡಿದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಘಟ್ಟದ ನೀರು ಇಳಿದು ಬಂದು ಹಿನ್ನೀರು ಸಿಹಿಯಾಗುತ್ತದೆ. ಮಳೆ ಬಿಟ್ಟ ಮೇಲೆ ಸಮುದ್ರ ಒಳಗೆ ಬರುತ್ತದೆ, ಅದೇ ಹಿನ್ನೀರು ಉಪ್ಪಾಗುತ್ತದೆ. ಇಲ್ಲಿನ ಜನ ಸಿಹಿನೀರಿಗೆ ಒಂದು ಬೆಳೆ, ಉಪ್ಪುನೀರಿಗೆ ಇನ್ನೊಂದು ಬೆಳೆ ಎಂದು ವರ್ಷವನ್ನೇ ಎರಡು ಪಾಲು ಮಾಡಿಕೊಂಡರು.

ಮೊದಲು ಉಪ್ಪಿನ ಬೆಳೆ ನೋಡೋಣ. ಮಕ್ಕಳೇ, ವಿಜ್ಞಾನದ ಪಾಠದಲ್ಲಿ ‘ಆವಿಯಾಗುವಿಕೆ’ ಎಂದು ಒಂದು ಸಾಲು ಬರುತ್ತದಲ್ಲ, ಅದರ ದೊಡ್ಡ ಪ್ರಯೋಗಾಲಯ ಸಾಣಿಕಟ್ಟೆಯಲ್ಲಿದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅಂದರೆ ಒಂದು ಕಿಲೋ ಉಪ್ಪಿಗೆ 30 ಲೀಟರಿಗಿಂತ ಹೆಚ್ಚು ನೀರನ್ನು ಬಿಸಿಲು ಕುಡಿಯಬೇಕು. ಉಬ್ಬರದ ಹೊತ್ತಿಗೆ ಬಾಗಿಲು ತೆರೆದು ನೀರನ್ನು ದೊಡ್ಡ ಕೊಳಕ್ಕೆ ತುಂಬಿಕೊಳ್ಳುತ್ತಾರೆ. ಅಲ್ಲಿಂದ ಒಂದಾದ ಮೇಲೊಂದು ಗದ್ದೆಗೆ ಹರಿಸುತ್ತಾ ಹೋದಂತೆ ನೀರು ದಪ್ಪವಾಗುತ್ತದೆ. ಕೊನೆಯ ಗದ್ದೆಯ ನೆಲವನ್ನು ಮೊದಲೇ ಜೇಡಿಮಣ್ಣು ತುಳಿದು, ಬಡಿದು, ಅಂಗಳದಂತೆ ಗಟ್ಟಿ ಮಾಡಿರುತ್ತಾರೆ. ಅಲ್ಲಿ ಹರಳು ಕಟ್ಟುತ್ತದೆ. ಮರದ ಹಲಗೆಯಿಂದ ಅದನ್ನು ಎಳೆದು ದಂಡೆಗೆ ರಾಶಿ ಹಾಕುತ್ತಾರೆ. ನೀರನ್ನು ಪೂರ್ತಿ ಒಣಗಲು ಬಿಡುವಂತಿಲ್ಲ. ಕೊನೆಗೆ ಉಳಿಯುವ ಕಹಿ ನೀರನ್ನು ಹೊರಗೆ ಬಿಡಬೇಕು, ಇಲ್ಲದಿದ್ದರೆ ಉಪ್ಪೇ ಕಹಿಯಾಗುತ್ತದೆ. ಯಾವ ಗದ್ದೆಯ ನೀರನ್ನು ಯಾವತ್ತು ಮುಂದಕ್ಕೆ ಬಿಡಬೇಕು ಎಂಬುದನ್ನು ಅನುಭವಸ್ಥರು ನೀರಿನ ಬಣ್ಣ ನೋಡಿ ಹೇಳುತ್ತಾರೆ. ಅಂಥವರ ಕಾಲು ನೋಡಿದರೆ ಗೊತ್ತಾಗುತ್ತದೆ, ಉಪ್ಪುನೀರು ಹಿಮ್ಮಡಿಯನ್ನು ಹೇಗೆ ಸೀಳುತ್ತದೆ ಎಂದು.

ಮೇ ತಿಂಗಳಲ್ಲಿ ಒಂದು ಅಡ್ಡಮಳೆ ಬಂದರೆ ವಾರಗಳ ದುಡಿಮೆ ಅರ್ಧ ಗಂಟೆಯಲ್ಲಿ ಕರಗಿ ಹೋಗುತ್ತದೆ. ಭತ್ತಕ್ಕೆ ಮಳೆ ಬಾರದಿದ್ದರೆ ನಷ್ಟ, ಉಪ್ಪಿಗೆ ಬಂದರೆ ನಷ್ಟ. ಒಂದೇ ಮನೆಯವರು ಒಂದೇ ಆಕಾಶ ನೋಡಿ ಜೂನ್‌ನಲ್ಲಿ ಬಾ ಎಂದೂ ಏಪ್ರಿಲ್‌ನಲ್ಲಿ ಬೇಡ ಎಂದೂ ಕೈಮುಗಿಯುತ್ತಿದ್ದರು.

ಉಪ್ಪು ತಯಾರಿಸುವ ಜಾಗಕ್ಕೆ ಆಗರ ಎನ್ನುತ್ತೇವೆ. ನಮ್ಮ ಜಿಲ್ಲೆಯ ಆಗೇರ ಸಮುದಾಯದವರ ಕುಲಕಸುಬೂ ಉಪ್ಪೇ ಆಗಿತ್ತು. ನಾವು ‘ಜ್ಞಾನದ ಆಗರ’, ‘ಗುಣಗಳ ಆಗರ’ ಎಂದು ಸನ್ಮಾನ ಪತ್ರಗಳಲ್ಲಿ ಬರೆಯುತ್ತೇವೆ. ಇಂದು ಸಂಜೆಯೂ ಆ ಮಾತು ಎರಡು ಮೂರು ಸಲ ಕೇಳಿಬರಬಹುದು. ನಿಜವಾದ ಆಗರದಲ್ಲಿ ದುಡಿದವರಿಗೆ ಯಾರು ಶಾಲು ಹೊದಿಸಿದ್ದಾರೆ?

ಇದೇ ಉಪ್ಪಿನ ಮೇಲೆ ಒಂದು ಕಾಲದಲ್ಲಿ ಸರಕಾರದ ಬೀಗವಿತ್ತು. 1882ರ ಉಪ್ಪಿನ ಕಾಯ್ದೆಯ ನಂತರ ಅನುಮತಿ ಇಲ್ಲದೆ ಒಂದು ಮುಷ್ಟಿ ಉಪ್ಪು ಮಾಡಿದರೂ ಅಪರಾಧ. ಮನೆಯ ಹಿತ್ತಿಲಿಗೆ ಸಮುದ್ರ ಬರುತ್ತಿದ್ದರೂ ಬಡವರು ತೆರಿಗೆ ಕೊಟ್ಟೇ ಉಪ್ಪು ಕೊಳ್ಳಬೇಕಿತ್ತು. 1930ರ ಏಪ್ರಿಲ್ 6ರಂದು ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದರು. ಒಂದೇ ವಾರದಲ್ಲಿ, ಏಪ್ರಿಲ್ 13ರಂದು, ನಮ್ಮ ಪಕ್ಕದ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕಾಯ್ದೆ ಮುರಿದರು. ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆದರು. 1947ರಲ್ಲಿ ಉಪ್ಪಿನ ತೆರಿಗೆ ಹೋಯಿತು. ಪಠ್ಯಪುಸ್ತಕದ ಆ ಪಾಠ ಓದುವಾಗ ಮಕ್ಕಳಿಗೆ ಗುಜರಾತಿನ ನಕ್ಷೆಯ ಜೊತೆಗೆ ನಮ್ಮ ಅಳಿವೆಯನ್ನೂ ತೋರಿಸಬೇಕು ಎಂದು ಇಲ್ಲಿರುವ ಸಮಾಜ ವಿಜ್ಞಾನದ ಗುರುಗಳಲ್ಲಿ ನನ್ನ ವಿನಂತಿ.

ಇನ್ನು ಮಳೆಗಾಲದ ಬೆಳೆ. ಅಘನಾಶಿನಿಯ ಎರಡೂ ದಂಡೆಯಲ್ಲಿ, ಉಬ್ಬರದ ನೀರು ಮುಟ್ಟುವ ತಗ್ಗು ಗದ್ದೆಗಳನ್ನು ನಾವು ಗಜನಿ ಎನ್ನುತ್ತೇವೆ. ಗೋವಾದಲ್ಲಿ ಇಂಥವಕ್ಕೆ ಖಾಜನ್ ಎನ್ನುತ್ತಾರೆ. ಕೇರಳದಲ್ಲಿ ಇಂಥ ಗದ್ದೆಗಳಲ್ಲಿ ಪೊಕ್ಕಾಳಿ ಭತ್ತ ಬೆಳೆಯುತ್ತಾರೆ. ನಮ್ಮ ಗಜನಿಯ ಭತ್ತ ಕಗ್ಗ. ಮೊದಲ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಚೆಲ್ಲುತ್ತಾರೆ. ಗೊಬ್ಬರ ಹಾಕುವಂತಿಲ್ಲ, ಔಷಧಿ ಹೊಡೆಯುವಂತಿಲ್ಲ. ನೆರೆ ಬಂದು ಕೆಲವು ದಿನ ಪೂರ್ತಿ ಮುಳುಗಿದರೂ ಕಗ್ಗ ಸಾಯುವುದಿಲ್ಲ. ನೀರು ಇಳಿದ ಮೇಲೆ ಮತ್ತೆ ತಲೆ ಎತ್ತುತ್ತದೆ. ಆಳೆತ್ತರಕ್ಕೆ ಬೆಳೆಯುವ ಪೈರು, ಕೆಂಪಕ್ಕಿ. ಅದರ ಗಂಜಿ ಉಂಡವರಿಗೆ ಮಧ್ಯಾಹ್ನದವರೆಗೆ ಹಸಿವು ನೆನಪಾಗುವುದಿಲ್ಲ. ಕೊಯ್ಲಿನಲ್ಲಿ ತೆನೆಯಷ್ಟೇ ಮನೆಗೆ ಬರುತ್ತದೆ, ಹುಲ್ಲು ಗದ್ದೆಯಲ್ಲೇ ಉಳಿಯುತ್ತದೆ. ಆಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಡುತ್ತಾರೆ. ನೀರಿನ ಜೊತೆ ಶೆಟ್ಲಿ ಮರಿಗಳು, ಏಡಿ, ಮೀನು ಒಳಗೆ ಬರುತ್ತವೆ. ಕೊಳೆತ ಹುಲ್ಲು ಅವಕ್ಕೆ ಮೇವು, ಅವುಗಳ ಹಿಕ್ಕೆ ಮುಂದಿನ ಭತ್ತಕ್ಕೆ ಗೊಬ್ಬರ. ಹೊರಗಿನಿಂದ ಏನನ್ನೂ ತಾರದೆ ಒಂದೇ ಗದ್ದೆ ಅನ್ನವನ್ನೂ ಕೊಟ್ಟಿತು, ಪದಾರ್ಥವನ್ನೂ ಕೊಟ್ಟಿತು.

ಆದರೆ ಇದೆಲ್ಲ ನಿಂತಿದ್ದು ಒಡ್ಡಿನ ಮೇಲೆ. ಗಜನಿಯಲ್ಲಿ ಒಬ್ಬನ ಗದ್ದೆಗೆ ಬೇರೆ, ಇನ್ನೊಬ್ಬನ ಗದ್ದೆಗೆ ಬೇರೆ ಒಡ್ಡು ಇರುವುದಿಲ್ಲ. ಒಂದು ಕಡೆ ಏಡಿ ತೂತು ಕೊರೆದು ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು. ಹಾಗಾಗಿ ಮಳೆಗಾಲದ ಮೊದಲು ಮನೆಗೊಬ್ಬರಂತೆ ಇಳಿದು ಮಣ್ಣು ಹಾಕಬೇಕಿತ್ತು. ಪಟಗಾರರು, ಹಾಲಕ್ಕಿಗಳು, ನಾಮಧಾರಿಗಳು, ಯಾರೇ ಇರಲಿ, ಆ ದಿನ ಕೆಸರಿನಲ್ಲಿ ಎಲ್ಲರ ಬಣ್ಣವೂ ಒಂದೇ.

ಆಮೇಲೆ ಸರಕಾರ ಕಲ್ಲಿನ ಗಟ್ಟಿ ಒಡ್ಡು ಕಟ್ಟಿಕೊಟ್ಟಿತು. ಒಳ್ಳೆಯ ಉದ್ದೇಶವೇ. ಆದರೆ ಒಡ್ಡು ಸರಕಾರದ್ದಾದ ಮೇಲೆ ಅದರ ತೂತೂ ಸರಕಾರದ್ದಾಯಿತು. ಮಣ್ಣು ಹಾಕುವವರು ಅರ್ಜಿ ಬರೆಯುವವರಾದರು. 1990ರ ದಶಕದಲ್ಲಿ ಶೆಟ್ಲಿಗೆ ಹೊರದೇಶದ ಬೆಲೆ ಬಂತು. ಗಜನಿಯನ್ನು ಗುತ್ತಿಗೆಗೆ ಕೊಟ್ಟರೆ ಕೂತಲ್ಲೇ ಹಣ. ಭತ್ತದ ಹೊತ್ತಿಗೂ ಉಪ್ಪುನೀರು ಒಳಗೇ ಉಳಿಯತೊಡಗಿತು. ಅದೇ ದಶಕದಲ್ಲಿ ಶೆಟ್ಲಿಗೆ ಬಿಳಿ ಚುಕ್ಕೆ ರೋಗವೂ ಬಂತು. 1996ರಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ಶೆಟ್ಲಿ ಕೆರೆಗಳಿಗೆ ಕಡಿವಾಣ ಹಾಕಿತು, ಸಾಂಪ್ರದಾಯಿಕ ಪದ್ಧತಿಯನ್ನು ಮಾತ್ರ ಬಿಟ್ಟಿತು. ಅಷ್ಟರಲ್ಲಿ ಎಷ್ಟೋ ಗಜನಿಗಳಲ್ಲಿ ಬೀಜದ ಮುಡೆಯೇ ಖಾಲಿಯಾಗಿತ್ತು. ಕಗ್ಗ ಇಂದಿಗೂ ಉಳಿದಿದ್ದರೆ ಅದಕ್ಕೆ ಮಾಣಿಕಟ್ಟೆಯಂಥ ಊರುಗಳ ಕೆಲವು ಹಠಮಾರಿ ರೈತರೇ ಕಾರಣ.

2024ರಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಸಂತೋಷ. ತದಡಿಯಲ್ಲಿ 4000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ನಮ್ಮ ಜನ ಎದ್ದು ನಿಂತದ್ದು, ಅದು ಬಾರದೆ ಹೋದದ್ದು ನಿಮಗೆ ನೆನಪಿದೆ. ಅಂದು ಬಂದಿದ್ದರೆ ಇಂದು ಈ ಗೌರವ ಎಲ್ಲಿಂದ ಬರಬೇಕು? ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಒಡ್ಡಿನ ತೂತು ಮುಚ್ಚುವುದಿಲ್ಲ. ನದಿಯ ನೀರನ್ನು ಪೂರ್ವಕ್ಕೆ ಒಯ್ಯುವ ಯೋಜನೆಗಳ ಮಾತೂ ಆಗಾಗ ಕೇಳುತ್ತದೆ. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಸಿಹಿ ಉಪ್ಪುಗಳ ಲೆಕ್ಕ ತಪ್ಪುತ್ತದೆ. ಆಗ ಕಗ್ಗವೂ ಇಲ್ಲ, ಬೆಳಚೂ ಇಲ್ಲ. ದೋಣಿಯಲ್ಲಿ ಹೋಗಿ ಬೆಳಚು ಆಯ್ದು, ಕುಮಟೆಯ ಪೇಟೆಯಲ್ಲಿ ಮಾರಿ, ನಮ್ಮ ಎಷ್ಟೋ ಸಹಪಾಠಿಗಳ ಫೀಸು ಕಟ್ಟಿದ ತಾಯಂದಿರು ಇಲ್ಲೇ ಕೂತಿದ್ದಾರೆ. ಆ ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಕೆಲವರು ಕೇಳಬಹುದು: ಮಕ್ಕಳನ್ನು ಓದಿಸಿದ್ದು ಮತ್ತೆ ಕೆಸರಿಗೆ ಇಳಿಸಲಿಕ್ಕೋ? ಖಂಡಿತ ಅಲ್ಲ. ಉಪ್ಪಿನ ಗದ್ದೆಯಲ್ಲಿ ಹಿಮ್ಮಡಿ ಒಡೆದವರೇ ತಮ್ಮ ಮಕ್ಕಳಿಗೆ ಈ ಕಷ್ಟ ಬೇಡ ಎಂದು ಇಲ್ಲಿಗೆ ಕಳಿಸಿದರು. ಆ ಆಸೆ ನ್ಯಾಯವಾದದ್ದು. ಬೆಂಗಳೂರು, ಮುಂಬಯಿ, ದುಬೈಗಳಲ್ಲಿ ಇರುವ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ನಾನು ಕೇಳುವುದು ಇಷ್ಟೇ: ಓದಿದವರು ಈ ವಿದ್ಯೆಯನ್ನು ವಿದ್ಯೆ ಎಂದು ಒಪ್ಪಿಕೊಳ್ಳಬೇಕು. ನೀರಿನ ಬಣ್ಣ ನೋಡಿ ಉಪ್ಪಿನ ಹದ ಹೇಳುವವರು ಅನಕ್ಷರಸ್ಥರಿರಬಹುದು, ಅವಿದ್ಯಾವಂತರಲ್ಲ.

ಅದಕ್ಕೆ ಈ ಸಭೆಯ ಮುಂದೆ ಮೂರು ಸಲಹೆ ಇಡುತ್ತೇನೆ.

ಒಂದು, ಪ್ರತಿ ವರ್ಷ ಒಂಬತ್ತನೆಯ ತರಗತಿಯ ಮಕ್ಕಳು ಒಂದು ದಿನ ಸಾಣಿಕಟ್ಟೆಯಲ್ಲಿ ಬಸ್ಸಿನಿಂದ ಇಳಿಯಲಿ. ಫೆಬ್ರುವರಿಯಲ್ಲೇ ಹೋಗಲಿ. ಉಪ್ಪು ಎಳೆಯುವವರ ಜೊತೆ ಮಾತಾಡಿ, ಗದ್ದೆಯ ಪ್ರತಿಯೊಂದು ಭಾಗಕ್ಕೆ, ಸಲಕರಣೆಗೆ, ನೀರಿನ ಹದಕ್ಕೆ ಅವರು ಬಳಸುವ ಶಬ್ದಗಳನ್ನು ಬರೆದು ತರಲಿ. ಈ ಶಬ್ದಗಳು ಬಹಳಷ್ಟು ಯಾವ ನಿಘಂಟಿನಲ್ಲೂ ಇಲ್ಲ. ಹತ್ತು ವರ್ಷ ತಡವಾದರೆ ಕೇಳಲು ಜನರೂ ಇರುವುದಿಲ್ಲ.

ಎರಡು, ನಮ್ಮ ಶಾಲೆಗೆ ಸಮೀಪದ ಗಜನಿಯಲ್ಲಿ ಒಂದೆರಡು ಗುಂಟೆ ಪಡೆದು ಪ್ರತಿ ಮಳೆಗಾಲ ಕಗ್ಗ ಬಿತ್ತೋಣ. ಬೀಜ ಕೊಡುವ ರೈತರಿದ್ದಾರೆ. ಬಂದ ಭತ್ತದಲ್ಲಿ ಅರ್ಧ ಬೀಜಕ್ಕೆ, ಅರ್ಧ ಮಕ್ಕಳ ಬಿಸಿಯೂಟದ ಒಂದು ದಿನದ ಗಂಜಿಗೆ. ಬೀಜ ಉಳಿಯುವುದು ಬಿತ್ತಿದರೆ ಮಾತ್ರ. ಕಪಾಟಿನ ಬಾಟಲಿಯಲ್ಲಿ ಇಟ್ಟ ಬೀಜ ಕೆಲವೇ ವರ್ಷಗಳಲ್ಲಿ ಕಾಳಾಗುತ್ತದೆ.

ಮೂರನೆಯದು ಸ್ವಲ್ಪ ಕಷ್ಟದ ಮಾತು, ಸಮಿತಿಯವರು ಬೇಸರಿಸಬಾರದು. ಸುವರ್ಣ ಮಹೋತ್ಸವದ ನಿಧಿಯಲ್ಲಿ ಸ್ವಾಗತ ಕಮಾನು ಕಟ್ಟಬೇಕೆಂಬ ಠರಾವು ಇದೆ. ಕಮಾನು ಚೆಂದವೇ. ಆದರೆ ನಮ್ಮ ಮಕ್ಕಳಲ್ಲಿ ಬಹಳ ಮಂದಿ ಬರುವುದು ಗಜನಿಯ ದಂಡೆಯ ಮನೆಗಳಿಂದ. ಆ ಹಣದ ಒಂದು ಪಾಲನ್ನು ಗಜನಿಯ ರೈತರ ಕೈಗೆ ಕೊಟ್ಟು, ಈ ಮೇ ತಿಂಗಳಲ್ಲಿ ಒಡ್ಡಿನ ಒಂದು ಭಾಗ ದುರಸ್ತಿ ಮಾಡೋಣ. ರಜೆಗೆ ಊರಿಗೆ ಬಂದ ಹಳೆಯ ವಿದ್ಯಾರ್ಥಿಗಳು ಮೊದಲಿನಂತೆ ಮನೆಗೊಬ್ಬರು ಬುಟ್ಟಿ ಹಿಡಿಯೋಣ. ಅರ್ಜಿ ಬರೆಯುವುದನ್ನು ನಿಲ್ಲಿಸಬೇಕಿಲ್ಲ, ಸರಕಾರದ ಕರ್ತವ್ಯ ಸರಕಾರಕ್ಕೆ ಇದ್ದೇ ಇದೆ. ಆದರೆ ಏಡಿ ಸರಕಾರದ ಆದೇಶಕ್ಕೆ ಕಾಯುವುದಿಲ್ಲ.

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ನಮಗೆ ವಿಸ್ತರಿಸಿ ಬರೆಯಲು ಪರೀಕ್ಷೆಯಲ್ಲಿ ಕೇಳುತ್ತಿದ್ದರು. ತಾಯಿಯ ಬಗ್ಗೆ ಒಂದು ಪುಟ ಬರೆದು, ಉಪ್ಪಿನ ಬಗ್ಗೆ ಎರಡು ಸಾಲು ಬರೆದು ನಾವು ಅಂಕ ಪಡೆದೆವು. ಉಳಿದ ಸಾಲುಗಳನ್ನು ಬರೆಯಲು ಬೇಕಾದ ಆಗರ ಇಲ್ಲೇ ಹತ್ತಿರ ಇದೆ. ಮೇ ತಿಂಗಳ ಒಡ್ಡಿನ ಕೆಲಸಕ್ಕೆ ಬರುವವರ ಹೆಸರು ಬರೆದುಕೊಳ್ಳಲು ಹೊರಗೆ ನೋಂದಣಿ ಮೇಜಿನ ಮೇಲೆ ಒಂದು ವಹಿ ಇಡಿಸಿದ್ದೇನೆ. ಮೊದಲ ಹೆಸರು ನನ್ನದೇ ಇದೆ. ಊಟಕ್ಕೆ ಹೋಗುವ ಮುನ್ನ ದಯವಿಟ್ಟು ಆ ಕಡೆ ಒಮ್ಮೆ ಬನ್ನಿ.